ಸಮುದ್ರವೇ ಇಲ್ಲದ ಬೊಲಿವಿಯಾಕ್ಕೆ ನೌಕಾಪಡೆ ಏಕೆ?

ದಕ್ಷಿಣ ಅಮೆರಿಕದ ಇತಿಹಾಸದ ಬಗ್ಗೆ ಬರೆಯತೊಡಗಿದಾಗಿನಿಂದ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ನಾಲ್ಕೂ ದಿಕ್ಕಿಗೆ ನೆಲವೇ ಇರುವ ಬೊಲಿವಿಯಾ, ಸುಮಾರು ಐದು ಸಾವಿರ ಮಂದಿಯ ನೌಕಾಪಡೆಯನ್ನು ಏಕೆ ಇಟ್ಟುಕೊಂಡಿದೆ? ಕೇಳುವವರಲ್ಲಿ ಬಹುಪಾಲು ಮಂದಿ ನಗುತ್ತಲೇ ಕೇಳುತ್ತಾರೆ. ಅದು ನಗುವ ವಿಷಯವಲ್ಲ ಎಂಬುದೇ ನನ್ನ ಉತ್ತರದ ಮೊದಲ ಮಾತು.

ಬೊಲಿವಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಆಂಡೀಸ್ ಪರ್ವತಸಾಲು. ಆದರೆ ಆ ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಉತ್ತರ ಮತ್ತು ಪೂರ್ವಕ್ಕೆ ಹರಡಿಕೊಂಡಿರುವ ತಗ್ಗುನೆಲ. ಬೇನಿ, ಮಾಮೊರೆ, ಇತೇನೆಸ್, ಮಾದ್ರೆ ದೆ ದಿಯೋಸ್ ನದಿಗಳು ಅಲ್ಲಿ ಹರಿದು ಕೊನೆಗೆ ಅಮೆಜಾನನ್ನು ಸೇರುತ್ತವೆ. ಬ್ರೆಜಿಲ್ ಜೊತೆಗಿನ ಗಡಿಯ ಬಹುದೂರದವರೆಗೆ ಈ ನದಿಗಳೇ ಎಲ್ಲೆ. ಮಳೆಗಾಲದಲ್ಲಿ ಬೇನಿ ಪ್ರಾಂತ್ಯದ ಬಯಲು ನೀರಿನಡಿ ಸೇರಿದಾಗ ಎಷ್ಟೋ ಹಳ್ಳಿಗಳಿಗೆ ದೋಣಿಯ ಹೊರತು ಬೇರೆ ದಾರಿಯಿರುವುದಿಲ್ಲ. ಗಡಿಗಾವಲು, ಕಳ್ಳಸಾಗಣೆಯ ತಡೆ, ನೆರೆಯಲ್ಲಿ ಸಿಕ್ಕಿಕೊಂಡವರ ರಕ್ಷಣೆ, ವೈದ್ಯರನ್ನು ಹೊತ್ತು ನದಿಯಂಚಿನ ಊರುಗಳಿಗೆ ಹೋಗುವ ಆಸ್ಪತ್ರೆ ಹಡಗು, ಇವೆಲ್ಲ ಈ ಪಡೆಯ ಕೆಲಸ. ಸಮುದ್ರ ಮಟ್ಟದಿಂದ 3,812 ಮೀಟರ್ ಎತ್ತರದಲ್ಲಿರುವ ಟಿಟಿಕಾಕಾ ಸರೋವರದಲ್ಲೂ ಅದರ ನೆಲೆಯಿದೆ. ಅಲ್ಲಿನ ಟಿಕಿನಾ ಜಲಸಂಧಿಯಲ್ಲಿ ಬಸ್ಸುಗಳು ಚಪ್ಪಟೆಯಾದ ಮರದ ತೆಪ್ಪಗಳನ್ನೇರಿ, ಪ್ರಯಾಣಿಕರು ಬೇರೆ ದೋಣಿಯಲ್ಲಿ ಕುಳಿತು ಆಚೆ ದಡ ಸೇರುವುದು ರೂಢಿ. ದಡಕ್ಕಿಳಿದವರಿಗೆ ಎದುರಾಗುವುದು ನೌಕಾಪಡೆಯ ಕಟ್ಟಡಗಳು. ಕಡಲಿಲ್ಲದ ನೆರೆಯ ಪರಾಗ್ವೆಗೂ ನೌಕಾಪಡೆಯಿದೆ, ಅಲ್ಲಿಯೂ ಕಾರಣ ನದಿಯೇ.

ಇಷ್ಟು ಹೇಳಿದರೆ ಅರ್ಧ ಉತ್ತರವಷ್ಟೇ ಆದೀತು. ನದಿ ಕಾಯುವುದಕ್ಕೆ ಸೇನೆಯ ಒಂದು ವಿಭಾಗ ಸಾಕಿತ್ತು. ಪ್ರತ್ಯೇಕ ನೌಕಾಪಡೆಯೇ ಬೇಕೆನಿಸಿದ್ದಕ್ಕೆ ಕಾರಣ ಕಳೆದುಹೋದ ಕಡಲು. 1879ರವರೆಗೆ ಬೊಲಿವಿಯಾಕ್ಕೆ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿಲೊಮೀಟರ್ ಕರಾವಳಿಯಿತ್ತು. ಅದರ ಹಿಂದಿನ ಅಟಕಾಮಾ ಮರುಭೂಮಿಯಲ್ಲಿ, ಗೊಬ್ಬರಕ್ಕೂ ಮದ್ದುಗುಂಡಿಗೂ ಬೇಕಾದ ನೈಟ್ರೇಟ್ ಹೇರಳವಾಗಿತ್ತು. ಚಿಲಿಯ ಕಂಪನಿಯೊಂದು ಅದನ್ನು ತೆಗೆದು ಸಾಗಿಸುತ್ತಿತ್ತು. 25 ವರ್ಷ ತೆರಿಗೆ ಏರಿಸುವುದಿಲ್ಲವೆಂದು 1874ರ ಒಪ್ಪಂದದಲ್ಲಿ ಮಾತು ಕೊಟ್ಟಿದ್ದ ಬೊಲಿವಿಯಾ, 1878ರಲ್ಲಿ ಕ್ವಿಂಟಾಲಿಗೆ 10 ಸೆಂಟಾವೊ ತೆರಿಗೆ ಹಾಕಿತು. ಕಂಪನಿ ಕೊಡಲೊಲ್ಲದೆ ಹೋಯಿತು, ಸರ್ಕಾರ ಅದರ ಆಸ್ತಿಯನ್ನು ಹರಾಜು ಹಾಕಲು ಹೊರಟಿತು, ಚಿಲಿಯ ಪಡೆ 1879ರ ಫೆಬ್ರವರಿ 14ರಂದು ಆಂಟೊಫಗಾಸ್ಟಾ ಬಂದರಿಗೆ ಬಂದಿಳಿಯಿತು. ಮಾರ್ಚ್ 23ರಂದು ಕಲಾಮಾದ ಬಳಿ ಲೋವಾ ನದಿಯ ಸೇತುವೆ ಕಾಯುತ್ತಿದ್ದ ಎದುವಾರ್ದೊ ಅಬರೋವಾ, ಶರಣಾಗೆಂದ ಶತ್ರುವಿಗೆ "ನಾನು ಶರಣಾಗುವುದೇ? ನಿಮ್ಮಜ್ಜಿ ಶರಣಾಗಲಿ!" ಎಂದು ಕೂಗಿ ಪ್ರಾಣಬಿಟ್ಟನೆಂದು ಬೊಲಿವಿಯನ್ನರು ಇಂದಿಗೂ ನೆನೆಯುತ್ತಾರೆ. ಆ ದಿನವೇ ಅವರ 'ಸಮುದ್ರ ದಿನ'.

ಆ ಯುದ್ಧದಲ್ಲಿ ಸೋತ ಬೊಲಿವಿಯಾ 1904ರ ಒಪ್ಪಂದದಲ್ಲಿ ಕರಾವಳಿಯನ್ನು ಚಿಲಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತು; ಪ್ರತಿಯಾಗಿ ಅರಿಕಾದಿಂದ ಲಾ ಪಾಸ್‌ಗೆ ರೈಲುಮಾರ್ಗವೂ ಚಿಲಿಯ ಬಂದರುಗಳ ಮೂಲಕ ಸರಕು ಸಾಗಿಸುವ ಹಕ್ಕೂ ಸಿಕ್ಕಿದವು. ಆ ಗಾಯ ಮಾಯಲಿಲ್ಲ. ಲಾವುಕಾ ನದಿಯ ನೀರಿನ ಜಗಳದಲ್ಲಿ 1962ರಲ್ಲಿ ಬೊಲಿವಿಯಾ ಚಿಲಿಯೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಮರುವರ್ಷವೇ ನದಿ ಮತ್ತು ಸರೋವರ ಪಡೆ ಹುಟ್ಟಿತು, ಮುಂದೆ ಅದೇ ನೌಕಾಪಡೆಯಾಯಿತು. 2009ರ ಸಂವಿಧಾನವಂತೂ ಸಮುದ್ರದ ಹಕ್ಕು ಎಂದೂ ಬಿಟ್ಟುಕೊಡಲಾಗದ್ದು ಎಂದು ಬರೆದಿಟ್ಟಿದೆ. ಆದರೆ 2018ರ ಅಕ್ಟೋಬರ್ 1ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಈ ಕುರಿತು ಮಾತುಕತೆ ನಡೆಸಲೇಬೇಕಾದ ಕಾನೂನು ಹೊಣೆ ಚಿಲಿಗಿಲ್ಲವೆಂದು 12–3 ಬಹುಮತದಿಂದ ತೀರ್ಪಿತ್ತಿತು.

ಹಾಗಾದರೆ ಈ ಪಡೆಯನ್ನು ಮುಚ್ಚಬೇಕೇ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಬೇಡವೆಂದೇ ನನ್ನ ಅಭಿಪ್ರಾಯ. ಮಾರ್ಚ್ 23ರ ಮೆರವಣಿಗೆಯಲ್ಲಿ ಬಿಳಿ ಸಮವಸ್ತ್ರ ತೊಟ್ಟ ನಾವಿಕರನ್ನು ಕಂಡು ಕಣ್ತುಂಬಿಕೊಳ್ಳುವ ಜನರ ದುಃಖ ನಿಜವಾದದ್ದು, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೂ ಸರ್ಕಾರದ ಹಣ ಮೊದಲು ಹೋಗಬೇಕಾದದ್ದು ಪೂರ್ವಕ್ಕೆ: ಪುಯೆರ್ತೊ ಸುವಾರೆಸ್ ಕಡೆಯ ಬಂದರುಗಳಿಂದ ತಮೆಂಗೊ ಕಾಲುವೆಗಿಳಿದ ಸೋಯಾ ಪರಾಗ್ವೆ ಮತ್ತು ಪರಾನಾ ನದಿಗಳ ಮೂಲಕ ಅಟ್ಲಾಂಟಿಕ್ ತಲುಪುವ ಆ ಜಲಮಾರ್ಗ, ಯಾವ ನ್ಯಾಯಾಲಯದ ತೀರ್ಪಿಗೂ ಕಾಯದೆ ಬೊಲಿವಿಯಾಕ್ಕೆ ಈಗಲೇ ದಕ್ಕಿರುವ ಕಡಲಿನ ದಾರಿ.