ನಿಮ್ಮ ಕಾಲೇಜಿನ ಮಕ್ಕಳಿಗೆ ಕಾಲೇಜು ಇಷ್ಟಾನಾ ಮೇಡಂ?

ನಾನು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಮದುವೆ ಮನೆ, ನಾಮಕರಣ, ಬ್ಯಾಂಕಿನ ಕ್ಯೂ, ಎಲ್ಲೇ ಆಗಲಿ ಇದು ಗೊತ್ತಾದ ತಕ್ಷಣ ಒಂದು ಪ್ರಶ್ನೆ ಬರುತ್ತದೆ. "ನಿಮ್ಮ ಕಾಲೇಜಿನ ಮಕ್ಕಳಿಗೆ ಕಾಲೇಜು ಇಷ್ಟಾನಾ ಮೇಡಂ? ಅಥವಾ ಬೇರೆ ಕಡೆ ಸೀಟು ಸಿಗದೆ ಬಂದಿರ್ತಾರಾ?" ಪಿಯುಸಿ ರಿಸಲ್ಟ್ ಬಂದ ಮೇಲಂತೂ ಫೋನ್ ಮಾಡಿ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿ ಎನ್ನುತ್ತೇನೆ.

ಮೊದಲು ಆ "ಬೇರೆ ಕಡೆ ಸೀಟು" ವಿಷಯ ಮುಗಿಸಿಬಿಡೋಣ. ನಮ್ಮಲ್ಲಿಗೆ ಬರುವ ಬಹಳ ಜನಕ್ಕೆ ಬೇರೆ ಕಡೆ ಅನ್ನುವುದೇ ಇರಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕ ಇಲ್ಲ. ಮನೆಯಿಂದಲೇ ಹೋಗಿ ಬರಬಹುದು. ಈ ಎರಡು ಮಾತು ಹೇಳಿ ಅಪ್ಪನನ್ನು ಒಪ್ಪಿಸಿ ಬಂದವರು ಅವರು. ಇನ್ನು, ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಳ್ಳುವ ಕಾಲೇಜಿನವರನ್ನು ಯಾರಾದರೂ ಹೀಗೆ ಕೇಳಿದ್ದನ್ನು ನಾನು ನೋಡಿಲ್ಲ. ಅಲ್ಲಿ ದುಡ್ಡು ಕಟ್ಟಾಗಿದೆ, ಇಷ್ಟ ಆಗಲೇಬೇಕು, ಅಲ್ವಾ?

ಅಧಿಕೃತ ಉತ್ತರ ಬೇಕೆಂದರೆ ಅದೂ ಇದೆ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನವರ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಅಂತ ಒಂದಿದೆ. ಅದರ ಮೊದಲ ಪ್ರಶ್ನೆಯೇ ಸಿಲಬಸ್ ಎಷ್ಟು ಮುಗಿಸಿದರು ಅಂತ. ಶೇ. 85ರಿಂದ 100, 70ರಿಂದ 84, ಹೀಗೆ ಆಯ್ಕೆಗಳು. ಆಮೇಲೆ ಮೇಷ್ಟ್ರು ತಯಾರಾಗಿ ಬರ್ತಾರಾ, ಇಂಟರ್ನಲ್ ಮಾರ್ಕ್ಸ್ ನ್ಯಾಯವಾಗಿ ಕೊಡ್ತಾರಾ. ಕೇಳಬೇಕಾದ ಪ್ರಶ್ನೆಗಳೇ, ಇಲ್ಲ ಎನ್ನುವುದಿಲ್ಲ. ನಾವೂ ಅದೇ ಧಾಟಿಯಲ್ಲಿ ಒಂದು ಫೀಡ್‌ಬ್ಯಾಕ್ ಹಾಳೆ ಮಾಡಿದೆವು. ಜೊತೆಗೆ ಕ್ರೀಡೆ, ಗ್ರಂಥಾಲಯ ಅಂತ ಒಂದೆರಡು ಸೇರಿಸಿದೆವು. ಬಿ.ಎ. ಮೂರನೇ ಸೆಮಿಸ್ಟರ್‌ಗೆ ಹಂಚಿದವಳು ನಾನು.

ಹುಡುಗರು ಐದು ನಿಮಿಷದಲ್ಲಿ ಎಲ್ಲದಕ್ಕೂ "ಅತ್ಯುತ್ತಮ" ಟಿಕ್ ಹಾಕಿ ಹೊರಗೆ ಹೋದರು. ಕ್ರೀಡಾ ಸೌಲಭ್ಯವೂ ಅತ್ಯುತ್ತಮವಂತೆ. ನಮ್ಮಲ್ಲಿರುವುದು ಒಂದು ವಾಲಿಬಾಲ್, ಅದಕ್ಕೆ ಗಾಳಿ ಇದ್ದ ದಿನ ನೆಟ್ ಇರುವುದಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ಏನೋ ಹುಡುಕುತ್ತಿದ್ದಳು.

"ಮೇಡಂ, ಬಸ್ಸಿನ ವಿಷಯ ಎಲ್ಲಿ ಬರೀಬೇಕು?"

"ಬಸ್ಸಿಂದು ಇದರಲ್ಲಿ ಇಲ್ಲ ಕಣಮ್ಮ."

"ಟಾಯ್ಲೆಟ್‌ದು?"

"ಕೊನೇಲಿ ಸಲಹೆ ಅಂತ ಇದೆ ನೋಡು, ಅಲ್ಲಿ ಬರಿ."

ಸಲಹೆಗೆ ಮೂರು ಗೆರೆ ಬಿಟ್ಟಿದ್ದೆವು. ಅವಳು ಮೂರನ್ನೂ ತುಂಬಿಸಿ, ಅಂಚಿನಲ್ಲಿ ಅಡ್ಡಡ್ಡ ಬರೆದು, ಹಾಳೆಯ ಹಿಂಬದಿಗೂ ಹೋದಳು. ಬೆಳಗಿನ ಬಸ್ಸು ಅವಳ ಊರಿನ ಸ್ಟಾಪಿನಲ್ಲಿ ನಿಲ್ಲಿಸುವುದಿಲ್ಲ, ಮೊದಲ ಪೀರಿಯಡ್ ಅಟೆಂಡೆನ್ಸ್ ಹೋಗುತ್ತೆ. ಹುಡುಗಿಯರ ಟಾಯ್ಲೆಟ್‌ನಲ್ಲಿ ಮಧ್ಯಾಹ್ನದ ಮೇಲೆ ನೀರು ಬರಲ್ಲ, ಅದಕ್ಕೇ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಇತಿಹಾಸಕ್ಕೆ ಇನ್ನೂ ಸರ್ ಬಂದಿಲ್ಲ. ಇಷ್ಟೆಲ್ಲ ಬರೆದು ಕೊನೆಗೆ, "ಕಾಲೇಜು ಚೆನ್ನಾಗಿದೆ. ಭಾನುವಾರ ಬೇಜಾರಾಗುತ್ತೆ."

ನಾವು ಪೈ ಚಾರ್ಟ್ ಮಾಡಿ, ಬೈಂಡ್ ಹಾಕಿಸಿ ಇಟ್ಟ ವರದಿಯಲ್ಲಿ ಇದ್ಯಾವುದೂ ಇಲ್ಲ. ಪೈ ಚಾರ್ಟ್‌ನಲ್ಲಿ ಎಲ್ಲ ಹಸಿರು.

ಆ ಹುಡುಗಿ ಬರೆದದ್ದೇ ನಿಮ್ಮ ಪ್ರಶ್ನೆಗೆ ಉತ್ತರ. ಬಸ್ಸಿನ ಮಾತು ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹುಡುಗಿಯರಿಗೆ ಪಾಸಿನ ದುಡ್ಡು ಹೊಂದಿಸುವ ಕಷ್ಟ ತಪ್ಪಿತು. ಅದು ದೊಡ್ಡ ಮಾತೇ, ಮೂಗು ಮುರಿಯಬೇಡಿ. ಆದರೆ ನಮ್ಮ ರೂಟಿನಲ್ಲಿ ಜನ ಜಾಸ್ತಿ ಆದರು, ಬಸ್ಸು ಅಷ್ಟೇ ಉಳಿಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು "ಹಿಂದೆ ಖಾಲಿ ಬರ್ತಿದೆ" ಎಂದು ಕೈ ಬೀಸುತ್ತಾನೆ. ಹಿಂದೆ ಯಾವುದೂ ಬರ್ತಿರುವುದಿಲ್ಲ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ ಎಂದು ನಾವು ಇಲ್ಲಿ ಹೆದರಿಸುತ್ತಿರುತ್ತೇವೆ.

ಇತಿಹಾಸದ ಸರ್ ಯಾಕೆ ಬಂದಿಲ್ಲ ಎಂದರೆ ಅವರು ಅತಿಥಿ ಉಪನ್ಯಾಸಕರು. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳು ಇಂಥ 10,000ಕ್ಕೂ ಹೆಚ್ಚು ಜನರ ಮೇಲೆ ನಿಂತಿವೆ. ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಬಂದು ಸೇರುವಷ್ಟರಲ್ಲಿ ಮೊದಲ ಇಂಟರ್ನಲ್ ತಲೆ ಮೇಲೆ. 2023ರ ಕೊನೆಯಲ್ಲಿ ಕಾಯಂ ಮಾಡಿ ಎಂದು ಅವರು ಕ್ಲಾಸು ಬಿಟ್ಟು ಮುಷ್ಕರ ಕೂತಾಗ ನಮ್ಮ ಕಾರಿಡಾರ್ ಭಣಭಣ ಎನ್ನುತ್ತಿತ್ತು. ಮಕ್ಕಳಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ನಿಮಗೆ ಯಾವ ಮೇಷ್ಟ್ರು ಇಷ್ಟ ಎಂದು ಕೇಳಿದರೆ ಮೊದಲು ಬರುವುದು ಈ ಅತಿಥಿಗಳ ಹೆಸರೇ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಅದು ಬೇರೆ ವಿಷಯ.

ಸಿಲಬಸ್ಸಿನ ಗೋಳು ಒಂದೇ ಸಾಲಿನಲ್ಲಿ ಹೇಳುತ್ತೇನೆ. 2021ರಲ್ಲಿ ಪದವಿ ನಾಲ್ಕು ವರ್ಷ ಅಂದರು, 2024ರಲ್ಲಿ ಮತ್ತೆ ಮೂರು ಅಂದರು, ನಡುವೆ ಸಿಕ್ಕಿಕೊಂಡವರು ನನ್ನ ಹತ್ತಿರ ಬಂದು "ನಮ್ದು ಎಷ್ಟು ಮೇಡಂ?" ಅಂದರು.

ಇಷ್ಟ ಏನು ಅಂತೀರಾ? ಹುಡುಗರಿಗೆ ಗೇಟಿನ ಎದುರಿನ ಟೀ ಅಂಗಡಿ. ಅದು ಕಾಲೇಜಿನದಲ್ಲ ಎಂದರೆ ಒಪ್ಪುವುದಿಲ್ಲ. ಎಥ್ನಿಕ್ ಡೇ ದಿನ ಬಿಳಿ ಪಂಚೆ ಉಟ್ಟು, ಮಾವಿನ ಸೊಪ್ಪು ಕಟ್ಟಿದ ಟ್ರ್ಯಾಕ್ಟರ್‌ನಲ್ಲಿ ಬರುತ್ತಾರೆ. ಆ ದಿನ ಹಾಜರಿ ನೂರಕ್ಕೆ ನೂರು. ಎನ್ನೆಸ್ಸೆಸ್‌ನ ಏಳು ದಿನದ ಶಿಬಿರಕ್ಕೆ ಹೆಸರು ಕೊಡಿ ಎಂದರೆ ಹುಡುಗಿಯರು ಮುಗಿಬೀಳುತ್ತಾರೆ. ಹಳ್ಳಿಯಿಂದ ಬಂದವರು ಇನ್ನೊಂದು ಹಳ್ಳಿಗೆ ಹೋಗಿ ಚರಂಡಿ ತೆಗೆಯುವುದರಲ್ಲಿ ಏನಿದೆ ಎಂದು ಹೊಸದಾಗಿ ಬಂದ ಸಹೋದ್ಯೋಗಿ ಕೇಳಿದರು. ಏಳು ರಾತ್ರಿ ಗೆಳತಿಯರ ಜೊತೆ ಶಾಲೆಯ ಕೋಣೆಯಲ್ಲಿ ಮಲಗುವುದು, ಅದೂ ಮನೆಯವರ ಸಹಿ ಹಾಕಿಸಿಕೊಂಡು! ಭಾನುವಾರ ಯಾಕೆ ಬೇಜಾರು ಎಂದು ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಮನೆಯಲ್ಲಿ ದನದ ಕೊಟ್ಟಿಗೆ, ಬಟ್ಟೆ ರಾಶಿ, ತಮ್ಮನ ಶೂ ಎಲ್ಲ ಇವಳದ್ದೇ.

ಆದರೆ ನೀವು ಇಷ್ಟ ಕಷ್ಟ ಎಲ್ಲ ಕೇಳುತ್ತೀರಲ್ಲ, ಆ ಮಕ್ಕಳು ಬೆಳಗ್ಗೆ ಏನು ತಿಂದು ಬರ್ತಾರೆ ಅಂತ ಒಬ್ಬರಾದರೂ ಕೇಳಿದ್ದೀರಾ? ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. ಏಳೂಕಾಲರ ಬಸ್ಸು ಹಿಡಿಯುವವಳ ಮನೆಯಲ್ಲಿ ಆ ಹೊತ್ತಿಗೆ ಒಲೆ ಮೇಲೆ ಟೀ ಇದ್ದರೆ ಹೆಚ್ಚು. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇತ್ತು. ಪಿಯುಸಿ ಮೆಟ್ಟಿಲು ಹತ್ತಿದ ದಿನ ಅದು ನಿಂತಿತು. ಹದಿನಾರು ತುಂಬಿದವರಿಗೆ ಹಸಿವಾಗಲ್ಲ ಎಂದು ಯಾರೋ ಲೆಕ್ಕ ಹಾಕಿರಬೇಕು. ಡಬ್ಬಿ ತರುವವರು ಇದ್ದಾರೆ, ಒಂದು ಡಬ್ಬಿಗೆ ಮೂರು ಕೈ. ಹನ್ನೊಂದೂವರೆಯ ನನ್ನ ಕ್ಲಾಸಿನಲ್ಲಿ ಬೇಡಿಕೆಯ ರೇಖೆ ಎಳೆಯುತ್ತಿರುವಾಗ ಹಿಂದಿನಿಂದ ಬಿಸ್ಕತ್ ಪೊಟ್ಟಣದ ಚರಪರ ಕೇಳಿಸುತ್ತದೆ. ನಾನು ಬೋರ್ಡಿನ ಕಡೆಗೇ ತಿರುಗಿಕೊಂಡಿರುತ್ತೇನೆ. ರೇಖೆ ಸ್ವಲ್ಪ ಉದ್ದವಾಗುತ್ತದೆ. ಬಡತನ ರೇಖೆಯ ಪಾಠವನ್ನು ಊಟಕ್ಕೆ ಮುಂಚಿನ ಪೀರಿಯಡ್‌ಗೆ ಹಾಕಬೇಡಿ ಎಂದು ಟೈಮ್‌ಟೇಬಲ್ ಮಾಡುವವರಿಗೆ ಹೇಳಿದೆ. ತಮಾಷೆ ಎಂದುಕೊಂಡು ನಕ್ಕರು.

ಸುಮ್ನೆ ಮಾತಿಗೆ ಕೇಳದೆ, ಮಗಳನ್ನು ನಿಜವಾಗಿ ಸೇರಿಸಬೇಕು ಎಂದಿದ್ದರೆ ಸೇರಿಸಿ. ಮೇಲೆ ಹೇಳಿದ್ದೆಲ್ಲ ಇದ್ದೂ ಸೇರಿಸಿ. ಅರ್ಜಿಯನ್ನು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ಅಲ್ಲಿ ಮೊಬೈಲ್ ನಂಬರ್ ಕೇಳಿದಾಗ ನಿಮ್ಮದು ಅಥವಾ ಮಗಳದು ಕೊಡಿ, ಸೈಬರ್ ಸೆಂಟರ್‌ನವನದು ಬೇಡ. ಓಟಿಪಿ ಅವನಿಗೆ ಹೋಗುತ್ತದೆ. ಹೋದ ಸಲ ಒಬ್ಬಳ ಅಡ್ಮಿಷನ್‌ಗೆ, ಅವನು ಭಾವಮೈದುನನ ಮದುವೆ ಮುಗಿಸಿ ಊರಿಗೆ ವಾಪಸ್ ಬರುವವರೆಗೆ ಇಡೀ ಆಫೀಸು ಕಾಯಬೇಕಾಯಿತು.