ರಜೆ ಮುಗೀತಲ್ಲ, ಈಗ ಫುಲ್ ಫ್ರೆಶ್ಶಾ?

ರಜೆ ಮುಗಿಸಿ ಸೋಮವಾರ ಆಫೀಸಿಗೆ ಹೋದೆ. ಬ್ಯಾಗ್ ಕೆಳಗಿಡುವ ಮೊದಲೇ ಮ್ಯಾನೇಜರ್ ಕೇಳಿದರು, "ಏನ್ರೀ, ಈಗ ಫುಲ್ ಫ್ರೆಶ್ ಅಲ್ವಾ?" "ಹೂಂ ಸರ್" ಅಂದೆ. ಇನ್ನೇನು ಹೇಳಲಿ? ಮಾತು ಅಷ್ಟೇ. ಆದರೆ ವಾರವಿಡೀ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಕೆಟ್ಟ ಮನುಷ್ಯರೇನಲ್ಲ. ಎಲ್ಲರ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಾರೆ. ರಾತ್ರಿ ಹನ್ನೊಂದಕ್ಕೆ "ಅರ್ಜೆಂಟೇನಿಲ್ಲ, ನಾಳೆ ನೋಡಿದ್ರೂ ಸಾಕು" ಅಂತ ಮೆಸೇಜ್ ಹಾಕುವವರೂ ಅವರೇ. ಅರ್ಜೆಂಟಿಲ್ಲ ಅಂದಮೇಲೆ ನಾಳೆಯೇ ಹಾಕಬಹುದಲ್ಲ! ಅವರಿಗೆ ಅದು ಹೊಳೆಯುವುದಿಲ್ಲ. ಅವರ ಮೇಲಿನವರು ಅವರಿಗೂ ಹಾಗೇ ಹಾಕುತ್ತಾರೆ.

ರಜೆಗೆ ಮುಂಚೆ ಒಂದು ಪುಟ್ಟ ಮೇಲ್ ಬಂದಿತ್ತು. "ಸರಿ, ಗುರುವಾರ ಕಳಿಸ್ತೀನಿ" ಅಂತ ಉತ್ತರಿಸಿದರೆ ಮುಗೀತು. ತೆರೆಯುತ್ತಿದ್ದೆ, ಓದುತ್ತಿದ್ದೆ, ಮತ್ತೆ 'ಓದಿಲ್ಲ' ಅಂತ ಗುರುತು ಹಾಕಿ ಮುಚ್ಚುತ್ತಿದ್ದೆ. ನಿದ್ದೆ ಮಾಡಿ ಎದ್ದರೂ ಸುಸ್ತು. ಹೊಸದಾಗಿ ಸೇರಿದ ಹುಡುಗಿ ಉತ್ಸಾಹದಿಂದ ಏನೋ ಐಡಿಯಾ ಹೇಳುತ್ತಿದ್ದರೆ, "ಇರು, ನಿಂಗೂ ಗೊತ್ತಾಗತ್ತೆ" ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಸುಸ್ತಿಗಿಂತ ನನಗೆ ಭಯ ಹುಟ್ಟಿಸಿದ್ದು ಅದು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್‌ಗೆ ಕೊಟ್ಟ ವಿವರಣೆಯಲ್ಲಿ ಇದೆಲ್ಲ ಇದೆ: ಬಸವಳಿಯುವುದು, ಕೆಲಸ ಅಂದರೆ ತಾತ್ಸಾರ, ಕೈಲಾಗುತ್ತಿಲ್ಲ ಅನ್ನುವ ಭಾವ. ಅವರು ಇದನ್ನು ಕಾಯಿಲೆ ಅಂದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಪಡಿಸದೆ ಹಾಗೇ ಬಿಟ್ಟಾಗ ಬರುವ ಸ್ಥಿತಿ ಅಂದಿದ್ದಾರೆ. ಇದರ ಮೇಲೆ ದಶಕಗಳಿಂದ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಹೊರೆಯೊಂದನ್ನೇ ದೂರುವುದಿಲ್ಲ. ನಮ್ಮ ಕೆಲಸದ ಮೇಲೆ ನಮಗೆಷ್ಟು ಹಿಡಿತ, ಮಾಡಿದ್ದಕ್ಕೆ ಬೆಲೆ ಇದೆಯಾ, ನ್ಯಾಯ ಇದೆಯಾ, ಜೊತೆಯವರು ಹೇಗೆ ಅಂತಲೂ ಕೇಳುತ್ತಾರೆ. ಹಾಗಿದ್ದಮೇಲೆ ರಿಪೇರಿಗೆ ನನ್ನನ್ನಷ್ಟೇ ಕಳಿಸಿದರೆ ಹೇಗೆ?

ರಜೆ ದಂಡ ಅಂತಲ್ಲ. ಮೊದಲು ಬರೀ ಮಲಗಿದೆ. ಆಮೇಲೊಂದು ಬೆಳಿಗ್ಗೆ ಸುಮ್ನೆ ಪುಸ್ತಕ ಕೈಗೆತ್ತಿಕೊಂಡೆ, ಹತ್ತು ಪುಟ ಓದಿದ್ದೇ ಗೊತ್ತಾಗಲಿಲ್ಲ. ದೇಹ ಚೇತರಿಸಿಕೊಂಡಿತು. ಮೇಜು ಮಾತ್ರ ಬಿಟ್ಟುಹೋದ ಹಾಗೇ ಕಾಯುತ್ತಿತ್ತು.

ಬುಧವಾರ 'ಒತ್ತಡ ನಿರ್ವಹಣೆ' ಅಂತ ಒಂದು ಆನ್‌ಲೈನ್ ಕ್ಲಾಸ್. ಊಟದ ಹೊತ್ತಿಗೆ. ಹಾಜರಾತಿ ಕಡ್ಡಾಯ! ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಅಂದಾಗ ಪಕ್ಕದಲ್ಲಿ ಫೋನ್ ಗುರ್ರೆನ್ನುತ್ತಲೇ ಇತ್ತು. ನಗು ತಡೆಯಲಾಗಲಿಲ್ಲ.

ಮರುದಿನ ಕೈಯಲ್ಲಿದ್ದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮುಂದಿಟ್ಟೆ. "ಸರ್, ಇದರಲ್ಲಿ ಯಾವುದನ್ನ ಬಿಡ್ಲಿ?"

"ಎಲ್ಲಾ ಮುಖ್ಯಾನೇ ಅಲ್ವೇನ್ರೀ..." ಅಂದರು. ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. ಇಷ್ಟೆಲ್ಲ ನನ್ನ ತಲೆ ಮೇಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಪೆನ್ ತೆಗೆದು ಒಂದಕ್ಕೆ ಅಡ್ಡಗೆರೆ ಎಳೆದರು, ಇನ್ನೊಂದನ್ನು ಮುಂದಿನ ತಿಂಗಳಿಗೆ ತಳ್ಳಿದರು. ಇಡೀ ರಜೆಯಲ್ಲಿ ಸಿಗದ ನಿರಾಳ ಆ ಒಂದು ಗೆರೆಯಲ್ಲಿ ಸಿಕ್ಕಿತು.

ರಾತ್ರಿ ಮೆಸೇಜಿನ ವಿಷಯ ಇನ್ನೂ ಎತ್ತಿಲ್ಲ. ಅದಕ್ಕೆ ಅವರ ಮೇಲಿನವರ ಮುಂದೆ ಅವರೂ ಇಂಥದ್ದೇ ಒಂದು ಹಾಳೆ ಇಡಬೇಕಾಗುತ್ತದೆ.