ಅಜ್ಜನ ಕೈಗೆಟುಕುವಷ್ಟು ದೂರ

ಎದುರು ಮನೆಯ ಹತ್ತು ವರ್ಷದ ಹುಡುಗಿ ಮೊನ್ನೆ ತನ್ನ ಹೊಸ ಕಿತ್ತಳೆ ಬಣ್ಣದ ಜಾಕೆಟ್ ತೋರಿಸೋಕೆ ಬಂದಿದ್ದಳು. ತಲೆಯ ಮೇಲೆ ಮಾತ್ರ ಕೆಂಪು ಟೋಪಿ, ಅದರ ಮೇಲೆ ವಿಸ್ಕಾನ್ಸಿನ್ ಯೂನಿವರ್ಸಿಟಿಯ ದೊಡ್ಡ 'ಡಬ್ಲ್ಯೂ'. ಹೆಮ್ಮೆಯಿಂದ ಹೇಳಿದಳು: "ಈ ಸಲ ನಾನೂ ಜಿಂಕೆ ಬೇಟೆಗೆ ಹೋಗ್ತೀನಿ. ಆದರೆ ಅಜ್ಜನ ಕೈಗೆಟುಕುವಷ್ಟು ದೂರದಲ್ಲೇ ಇರಬೇಕು. ಹಾಗಂತ ಕಾನೂನೇ ಇದೆ."

ಅವಳು ಹೇಳಿದ್ದು ನಿಜ. ಇಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಕೋರ್ಸ್ ಆಗದವರು, ಚಿಕ್ಕ ಮಕ್ಕಳು, ಬಲ್ಲ ಹಿರಿಯರೊಬ್ಬರ ಜೊತೆ ಹೋಗಿ ಕಲಿಯಬಹುದು. 2017ರಿಂದ ಇದಕ್ಕೆ ಕನಿಷ್ಠ ವಯಸ್ಸಿನ ಮಿತಿಯೂ ಇಲ್ಲ. ಷರತ್ತು ಇಷ್ಟೇ: ಕಲಿಸುವವರು ಸದಾ ಕಲಿಯುವವರ ಕೈಯಳತೆಯಲ್ಲಿ ಇರಬೇಕು. ಹೊಸಬರು ಜಿಂಕೆ ಕಂಡ ಗಾಬರಿಯಲ್ಲಿ ಕೋವಿ ಹಿಡಿದುಕೊಂಡೇ ಪಕ್ಕಕ್ಕೆ ತಿರುಗಿಬಿಡುತ್ತಾರೆ. ಕೂಗಿ ಹೇಳುವಷ್ಟರಲ್ಲಿ ತಡವಾಗಿರುತ್ತದೆ. ಹಿರಿಯರ ಕೈ ನೇರವಾಗಿ ನಳಿಗೆಗೆ ಹೋಗಬೇಕು.

ಕಾನೂನು ಬರೆದವರು ಯೋಚಿಸಿದ್ದು ಅಪಘಾತದ ಬಗ್ಗೆ. ಆದರೆ ಅದರಿಂದಾಗಿ ಮೊಮ್ಮಗಳೊಬ್ಬಳು ನಸುಕಿನಿಂದ ಮಧ್ಯಾಹ್ನದವರೆಗೆ ಅಜ್ಜನ ಮೈಗೆ ಮೈ ತಾಗಿಸಿಕೊಂಡು, ಫೋನಿಲ್ಲದೆ, ಪಿಸುಮಾತಿನಲ್ಲಿ ಕಾಡು ನೋಡುತ್ತಾ ಕೂರುತ್ತಾಳೆ. ಇಷ್ಟು ವರ್ಷ ಇಲ್ಲಿದ್ದರೂ ಈ ಊರಿನವರಿಗೆ ಶರತ್ಕಾಲ ಬಂದರೆ ಯಾಕೆ ಇಷ್ಟು ಸಂಭ್ರಮ ಅನ್ನುವುದು ಆ ಹುಡುಗಿಯ ಮಾತು ಕೇಳಿದ ಮೇಲೇ ಸರಿಯಾಗಿ ಅರ್ಥವಾಗುತ್ತಿದೆ.

ಸಂಭ್ರಮ ಆರಂಭವಾಗುವುದು ಫುಟ್‌ಬಾಲ್‌ನಿಂದ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಆಟ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗಡಿ ದಾಟಿಸಿದರೆ ಆರು ಅಂಕ. ಇಷ್ಟು ಗೊತ್ತಿದ್ದರೆ ಮೊದಲ ಪಂದ್ಯ ನೋಡಲು ಸಾಕು. ಮ್ಯಾಡಿಸನ್‌ನ ಕ್ಯಾಂಪ್ ರ‍್ಯಾಂಡಲ್ ಯೂನಿವರ್ಸಿಟಿ ಸ್ಟೇಡಿಯಂ 1917ರದ್ದು. ಅಂತರ್ಯುದ್ಧದ ಕಾಲದಲ್ಲಿ ಸೈನಿಕರಿಗೆ ತರಬೇತಿ ಕೊಡುತ್ತಿದ್ದ ಬಯಲು ಅದು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಮೂರನೆಯ ಕ್ವಾರ್ಟರ್ ಮುಗಿದು ನಾಲ್ಕನೆಯದು ಶುರುವಾಗುವ ಮುನ್ನ ಅಷ್ಟೂ ಜನ ಒಟ್ಟಿಗೆ ಕುಪ್ಪಳಿಸುತ್ತಾರೆ, ಕಾಂಕ್ರೀಟು ಅದುರುವುದು ಕಾಲಿಗೆ ಗೊತ್ತಾಗುತ್ತದೆ. 1998ರಿಂದ ನಡೆದುಬಂದ ಪದ್ಧತಿ ಇದು.

ಯೂನಿವರ್ಸಿಟಿ ತಂಡದ ಹೆಸರು ಬ್ಯಾಜರ್ಸ್. 1820-30ರ ದಶಕಗಳಲ್ಲಿ ಸೀಸದ ಗಣಿಗೆ ಬಂದ ಕೂಲಿಗಳು ಚಳಿಗಾಲ ಕಳೆಯಲು ಗುಡ್ಡದಲ್ಲೇ ಬಿಲ ತೋಡಿಕೊಂಡು, ಬ್ಯಾಜರ್ ಪ್ರಾಣಿಯ ಹಾಗೆ ಬದುಕಿದ್ದರಿಂದ ಬಂದ ಹೆಸರು. ಆಡುವವರೆಲ್ಲ ಕಾಲೇಜು ಹುಡುಗರು. ನಾಲ್ಕೈದು ವರ್ಷಕ್ಕೆ ತಂಡದ ಮುಖಗಳೆಲ್ಲ ಬದಲಾಗುತ್ತವೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದಾದ ಮೇಲೆ, ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುವುದೂ ಸುಲಭವಾದ ಮೇಲೆ, ಹಳೆಯ ಅಭಿಮಾನಿಗಳಿಗೆ ಬೇಸರವಿದೆ. ಹುಡುಗರ ಬೆವರಿಗೆ ದುಡ್ಡು ಸಿಗುವುದು ನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆಟಗಾರರು ಯಾರೇ ಇರಲಿ, ಸ್ಟೇಡಿಯಂನ ಅದೇ ಸಾಲಿನಲ್ಲಿ ಅದೇ ಮನೆತನ ಕೂತಿರುತ್ತದೆ. ಅಜ್ಜ ತೀರಿಕೊಂಡ ಮೇಲೆ ಆ ಸೀಟಿಗೆ ಮಗ, ಆಮೇಲೆ ಮೊಮ್ಮಗಳು. ನನ್ನ ಮಟ್ಟಿಗೆ ತಂಡ ಅಂದರೆ ಆ ಸಾಲು.

ಪಂದ್ಯಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಪಾರ್ಕಿಂಗ್ ಜಾಗದಲ್ಲಿ, ಗೊತ್ತಿದ್ದವರ ಮನೆಯಂಗಳದಲ್ಲಿ ಒಲೆ ಹಚ್ಚುತ್ತಾರೆ. ಮುಖ್ಯ ತಿನಿಸು ಬ್ರಾಟ್, ಜರ್ಮನ್ ವಲಸಿಗರು ತಂದ ದಪ್ಪ ಸಾಸೇಜು. ಈರುಳ್ಳಿ ಹೆಚ್ಚಿ ಹಾಕಿದ ಬಿಯರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಇಡಬೇಕು. ಕೊತಕೊತ ಕುದಿಸಿದರೆ ತೊಗಲು ಬಿರಿದು ಒಳಗಿನ ಕೊಬ್ಬೆಲ್ಲ ಸೋರಿಹೋಗಿ ಮಾಂಸ ನಾರಾಗುತ್ತದೆ. ಆಮೇಲೆ ಮಧ್ಯಮ ಕೆಂಡದ ಮೇಲೆ ಉರುಳಿಸುತ್ತಾ ಬಣ್ಣ ಬರಿಸಬೇಕು, ಚುಚ್ಚಲೇಬಾರದು. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಯಿತು.

ಬೇಟೆಗಾರರ ಮನೆಯ ಬ್ರಾಟ್ ಹಿಂದಿನ ವರ್ಷದ ಜಿಂಕೆಯದ್ದು. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಇರುವ ಕೊಬ್ಬೂ ಬಾಯಲ್ಲಿ ಮೇಣದಂತೆ ಅಂಟುತ್ತದೆ. ಹಾಗಾಗಿ ಅದನ್ನು ಪೂರ್ತಿ ಕೆತ್ತಿ ತೆಗೆದು, ನಾಲ್ಕು ಪಾಲು ಮಾಂಸದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಹಂದಿಕೊಬ್ಬು ಇರುವ ಹಾಗೆ ಬೆರೆಸುತ್ತಾರೆ. ರುಬ್ಬುವಾಗ ಮಾಂಸವೂ ಯಂತ್ರದ ಭಾಗಗಳೂ ಮಂಜಿನಷ್ಟು ತಣ್ಣಗಿರಬೇಕು. ಬೆಚ್ಚಗಾದರೆ ಕೊಬ್ಬು ಕರಗಿ ಬಳಿದುಕೊಳ್ಳುತ್ತದೆ, ಬೆಂದ ಮೇಲೆ ಸಾಸೇಜು ಪುಡಿಪುಡಿ. ಇದನ್ನು ಅಡುಗೆಮನೆಯ ಮೇಜಿನ ಸುತ್ತ ಮನೆಯವರೆಲ್ಲ ಕೂತು ಮಾಡುತ್ತಾರೆ. ತೊಗಲಿನ ಕೊಳವೆ ಹಿಡಿಯುವ ಕೆಲಸ ಮಕ್ಕಳದ್ದು.

ಕೋವಿಯ ಮುಖ್ಯ ಜಿಂಕೆ ಬೇಟೆ ವರ್ಷಕ್ಕೆ ಒಂಬತ್ತು ದಿನ, ನವೆಂಬರ್ ಕೊನೆಯ ಹೊತ್ತಿಗೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು, ಹಬ್ಬದ ನಂತರದ ಭಾನುವಾರ ಕೊನೆ. ಆ ಕೊನೆಯ ಶನಿವಾರದ ಆಸುಪಾಸಿನಲ್ಲೇ ಸಾಮಾನ್ಯವಾಗಿ ನೆರೆಯ ಮಿನೆಸೋಟಾ ಜೊತೆ ಪಂದ್ಯ. 1890ರಿಂದ, 1906 ಒಂದು ವರ್ಷ ಬಿಟ್ಟರೆ, ತಪ್ಪದೆ ನಡೆದಿದೆ. ಗೆದ್ದವರಿಗೆ 1948ರಿಂದ ಒಂದು ದೊಡ್ಡ ಕೊಡಲಿ. ಆರಡಿ ಉದ್ದದ ಅದರ ಹಿಡಿಯ ಮೇಲೆ ಪಂದ್ಯಗಳ ಅಂಕಗಳನ್ನು ಬರೆದಿಡುತ್ತಾರೆ. 2004ರಿಂದ 2017ರವರೆಗೆ ಹದಿನಾಲ್ಕು ವರ್ಷ ಅದು ವಿಸ್ಕಾನ್ಸಿನ್ ಬಿಟ್ಟು ಕದಲಲಿಲ್ಲ. 2018ರಲ್ಲಿ ಇದೇ ಮ್ಯಾಡಿಸನ್ ಮೈದಾನದಲ್ಲಿ ಮಿನೆಸೋಟಾದವರು ಕಿತ್ತುಕೊಂಡು ಹೋದರು. ಪ್ರತಿ ವರ್ಷ ಈ ಪಂದ್ಯದ ಹೊತ್ತಿಗೆ ಉತ್ತರದ ಕಾಡುಗಳಲ್ಲಿ ಅಟ್ಟಣೆಯ ಮೇಲೆ ಕೂತವರು ಒಂದು ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡಿರುತ್ತಾರೆ. ಇನ್ನೊಂದು ಕಿವಿ ತರಗೆಲೆಯ ಸದ್ದಿಗೆ.

ಮಲೆನಾಡಿನಲ್ಲಿ ಮರಸು ಕೂರುವುದು, ಅಂದರೆ ಪ್ರಾಣಿ ಬರುವ ದಾರಿಯಲ್ಲಿ ಅಡಗಿ ಕಾಯುವುದು, ಅನ್ನುತ್ತಾರಲ್ಲ, ಇಲ್ಲಿನ ಬೇಟೆ ಬಹುತೇಕ ಅದೇ. ಸೂರ್ಯೋದಯಕ್ಕಿಂತ ಅರ್ಧ ಗಂಟೆ ಮೊದಲಿನಿಂದ ಈಡು ಹೊಡೆಯಬಹುದು, ಅಷ್ಟರೊಳಗೆ ಹತ್ತಿ ಕೂತು ಕಾಡು ಮತ್ತೆ ಸದ್ದಡಗುವಂತೆ ಮಾಡಿರಬೇಕು. ಗಾಳಿ ಜಿಂಕೆ ಬರುವ ದಿಕ್ಕಿನಿಂದ ನಮ್ಮ ಮುಖಕ್ಕೆ ಬೀಸಬೇಕು. ತಿರುಗಾಮುರುಗಾ ಆದರೆ ಎಷ್ಟು ಅಲುಗಾಡದೆ ಕೂತರೂ ವ್ಯರ್ಥ. ಸೊಂಟದಿಂದ ಮೇಲಿನ ಉಡುಪಿನಲ್ಲಿ ಅರ್ಧದಷ್ಟಾದರೂ ಉಜ್ವಲ ಕಿತ್ತಳೆ ಇರಬೇಕು, ಟೋಪಿ ಹಾಕಿದರೆ ಅದರಲ್ಲೂ ಅರ್ಧ. 2016ರಿಂದ ಉಜ್ವಲ ಗುಲಾಬಿಗೂ ಅನುಮತಿ ಇದೆ. ಜಿಂಕೆಗೆ ಆ ಬಣ್ಣ ನಮಗೆ ಕಂಡಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಇನ್ನೊಬ್ಬ ಬೇಟೆಗಾರನಿಗೆ ದೂರದಿಂದಲೇ ಕಾಣುತ್ತದೆ.

ಅಟ್ಟಣೆ ಹತ್ತುವಾಗ ಕೋವಿ ಬೆನ್ನಿಗಿರಕೂಡದು. ತೋಟೆ ತೆಗೆದು, ನಳಿಗೆ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ಮೇಲೆ ಹತ್ತಿ ಸೊಂಟ-ಭುಜದ ಪಟ್ಟಿ ಮರಕ್ಕೆ ಬಿಗಿದ ಮೇಲೆ ಎಳೆದುಕೊಳ್ಳಬೇಕು. ಮಕ್ಕಳಿಗೆ ಕೋರ್ಸಿನಲ್ಲಿ ಬಾಯಿಪಾಠ ಮಾಡಿಸುವ ನಾಲ್ಕು ಸೂತ್ರಗಳಿವೆ. ಪ್ರತಿ ಕೋವಿಯಲ್ಲೂ ತೋಟೆ ಇದೆ ಅಂತಲೇ ತಿಳಿ. ನಳಿಗೆ ಸದಾ ಅಪಾಯವಿಲ್ಲದ ದಿಕ್ಕಿಗಿರಲಿ. ಗುರಿ ಏನು, ಅದರ ಆಚೆ ಏನಿದೆ ಅಂತ ಖಚಿತವಾಗಿರಲಿ. ಹೊಡೆಯುವ ಕ್ಷಣದವರೆಗೆ ಬೆರಳು ಕೋವಿಯ ಕುದುರೆಯಿಂದ (ಟ್ರಿಗರ್‌ನಿಂದ) ಹೊರಗಿರಲಿ. ಮೂರನೆಯದೇ ಮಕ್ಕಳಿಗೆ ಕಷ್ಟ. ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ಎಷ್ಟು ಚೆನ್ನಾಗಿ ಕಂಡರೂ ಹೊಡೆಯಬಾರದು, ಗುಂಡು ಎಲ್ಲಿ ಹೋಗಿ ಬೀಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಎದುರು ಮನೆಯ ಅಜ್ಜ ಮೊಮ್ಮಗಳಿಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಯಾವ ಜಿಂಕೆಯನ್ನು ಬಿಟ್ಟುಬಿಡಬೇಕು ಅನ್ನುವುದನ್ನು.

ಗುರಿ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಈಡು ಬಿದ್ದ ಕೂಡಲೇ ಓಡಬಾರದು, ಅರ್ಧ ಗಂಟೆ ಕೂತಿರಬೇಕು. ಆಮೇಲೆ ಇಳಿದು ರಕ್ತದ ಬಣ್ಣ ನೋಡಬೇಕು. ನೊರೆನೊರೆಯಾದ ತಿಳಿಗೆಂಪಾದರೆ ಶ್ವಾಸಕೋಶ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾದರೆ ಪಿತ್ತಜನಕಾಂಗ. ಹಸಿರು ಬೆರೆತು ನಾತ ಬಂದರೆ ಹೊಟ್ಟೆಗೆ ತಗಲಿದೆ, ಗಂಟೆಗಟ್ಟಲೆ ಕಾಯಲೇಬೇಕು. ಬೆನ್ನಟ್ಟಿದರೆ ನೋವಿನಲ್ಲೇ ಮೈಲುಗಟ್ಟಲೆ ಹೋಗಿ ಯಾರಿಗೂ ಸಿಗದೆ ಸಾಯುತ್ತದೆ. ಸಿಕ್ಕ ಪ್ರಾಣಿಯ ಕರುಳು ಬೇಗ ತೆಗೆಯಬೇಕು, ಮೂತ್ರಕೋಶ ಹರಿಯದಂತೆ. ಮರುದಿನ ಸಂಜೆ ಐದರೊಳಗೆ ಸರ್ಕಾರಕ್ಕೆ ನೋಂದಣಿ ಮಾಡಿಸಬೇಕು. 2002ರಲ್ಲಿ ಮ್ಯಾಡಿಸನ್‌ಗೆ ಹತ್ತಿರದಲ್ಲೇ ಜಿಂಕೆಗಳ ಮಿದುಳು ಸವೆಸುವ ಸಿಡಬ್ಲ್ಯೂಡಿ ರೋಗ ಪತ್ತೆಯಾಯಿತು. ಅದರ ಮೂಲವಾದ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಬೇಯಿಸಿದರೂ ನಾಶವಾಗದು. ಕುತ್ತಿಗೆಯ ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಪರೀಕ್ಷೆಗೆ ತಲೆ ಒಪ್ಪಿಸಿ, ಫಲಿತಾಂಶ ಬರುವವರೆಗೆ ಮಾಂಸ ಪ್ರತ್ಯೇಕವಾಗಿ ಫ್ರೀಜರಿನಲ್ಲಿಡುವುದು ಜಾಣತನ.

ಜನವರಿಯಲ್ಲಿ ಸರೋವರಗಳು ಹೆಪ್ಪುಗಟ್ಟಿದರೆ ಮೀನಿನ ಸರದಿ. ತಿಳಿಯಾದ ಗಟ್ಟಿ ಮಂಜುಗಡ್ಡೆ ಕನಿಷ್ಠ ನಾಲ್ಕು ಅಂಗುಲ ಇದ್ದರೆ ಮನುಷ್ಯ ನಡೆಯಬಹುದು. ಹಿಮ ಬೆರೆತ ಬಿಳಿ ಮಂಜುಗಡ್ಡೆಯ ಬಲ ಸುಮಾರು ಅರ್ಧ, ಅದಕ್ಕೆ ಎರಡರಷ್ಟು ದಪ್ಪ ಬೇಕು. ಹಾರೆಯಿಂದ ಮುಂದೆ ಮುಂದೆ ಕುಟ್ಟಿ ನೋಡುತ್ತಾ ಹೋಗುತ್ತಾರೆ, ಕುತ್ತಿಗೆಯಲ್ಲಿ ಎರಡು ಮೊನೆಗೂಟಗಳು ನೇತಾಡುತ್ತಿರುತ್ತವೆ. ಒಳಗೆ ಬಿದ್ದರೆ ಬಂದ ದಾರಿಯ ಕಡೆಗೇ ತಿರುಗಿ ಅವುಗಳಿಂದ ಮಂಜು ಕಚ್ಚಿ ಮೇಲೆ ಬರಬೇಕು. ಬ್ಲೂಗಿಲ್ ಮೀನು ಚಳಿಗೆ ಎಷ್ಟು ಮೆಲ್ಲಗೆ ಕಚ್ಚುತ್ತದೆಂದರೆ ಸಾಮಾನ್ಯ ತೇಲುಬೆಂಡು ಅಲುಗುವುದೇ ಇಲ್ಲ. ಕೋಲಿನ ತುದಿಗೆ ಕೂದಲಷ್ಟು ತೆಳುವಾದ ಸ್ಪ್ರಿಂಗ್, ಸಣ್ಣ ಗಾಳಕ್ಕೆ ಮೇಣದ ಹುಳು. ಹದಿನಾರು ತುಂಬದ ಮಕ್ಕಳಿಗೆ ಮೀನಿನ ಲೈಸೆನ್ಸ್ ಬೇಡ. ಮಕ್ಕಳ ಜೊತೆ ಹೋದರೆ ಮೀನು ಸಿಗದ ತೂತಿನ ಮುಂದೆ ಕಾಲು ಗಂಟೆಗಿಂತ ಹೆಚ್ಚು ಕೂರಬಾರದು, ಕೈಕಾಲು ಮರಗಟ್ಟುವ ಮುಂಚೆ ಮನೆಗೆ ಕರೆತರಬೇಕು.

ಇಷ್ಟೆಲ್ಲದರಲ್ಲಿ ನನ್ನ ಮನಸ್ಸನ್ನು ಹಿಡಿದು ಜಗ್ಗುವುದು ಸ್ಟರ್ಜನ್ ಕಾವಲು. ವಿನೆಬೇಗೊ ಸರೋವರದಲ್ಲಿ ಫೆಬ್ರವರಿಯಲ್ಲಿ, ಹೆಚ್ಚೆಂದರೆ ಹದಿನಾರು ದಿನ, ಸ್ಟರ್ಜನ್ ಮೀನನ್ನು ಈಟಿಯಿಂದ ಹಿಡಿಯಬಹುದು. ನಿಗದಿಯ ಸಂಖ್ಯೆ ತಲುಪಿದರೆ ಮಧ್ಯದಲ್ಲೇ ಬಂದ್. ಹೆಣ್ಣು ಸ್ಟರ್ಜನ್ ಮೊದಲ ಸಲ ಮೊಟ್ಟೆಯಿಡಲು ಇಪ್ಪತ್ತು ವರ್ಷ ದಾಟಬೇಕು, ಆಮೇಲೂ ಪ್ರತಿ ವರ್ಷ ಇಡುವುದಿಲ್ಲ. ಏಪ್ರಿಲ್‌ನಲ್ಲಿ ಅವು ವುಲ್ಫ್ ನದಿಗೆ ಏರಿ ದಡದ ಕಲ್ಲುಗಳಿಗೇ ಮೈಯುಜ್ಜಿ ಮೊಟ್ಟೆಯಿಡುತ್ತವೆ, ಬಗ್ಗಿದರೆ ಬರಿಗೈಗೆ ಸಿಗುತ್ತವೆ. ಆ ದಿನಗಳಲ್ಲಿ ಸ್ವಯಂಸೇವಕರು ಹಗಲೂ ರಾತ್ರಿ ಪಾಳಿಯ ಮೇಲೆ ದಡದಲ್ಲಿ ಕೂತು ಕಾಯುತ್ತಾರೆ. ಫೆಬ್ರವರಿಯಲ್ಲಿ ಈಟಿ ಹಿಡಿದವರೂ ಅವರಲ್ಲಿರುತ್ತಾರೆ, ಪಕ್ಕದಲ್ಲಿ ಅವರ ಮಕ್ಕಳೂ.

ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆಗೆ ಹತ್ತುಮೀನು ಏರುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ, ಹೊಟ್ಟೆ ತುಂಬ ಮೊಟ್ಟೆ ಹೊತ್ತುಕೊಂಡು. ಟಾರ್ಚು, ಕತ್ತಿ, ಮೀನು ಹಿಡಿಯುವ ಬುಟ್ಟಿಯಾದ ಕೂಳಿ ಹಿಡಿದು ಅಪ್ಪ, ಚಿಕ್ಕಪ್ಪ, ಮಕ್ಕಳೆಲ್ಲ ಮಳೆಯಲ್ಲಿ ತೋಯುತ್ತಾ ಹೋಗುವ ಆ ರಾತ್ರಿಗಳಷ್ಟು ಖುಷಿ ಇನ್ನೊಂದಿಲ್ಲ, ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಅಲ್ಲಿ ಸಾಯುವುದು ಮುಂದಿನ ವರ್ಷದ ಮೀನು. ಸಮುದ್ರದಲ್ಲಿ ಜೂನ್-ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಜನ ಒಪ್ಪಿಕೊಂಡಿದ್ದಾರೆ. ಹಳ್ಳದ ಮೀನಿಗೆ ಹಾಗೆ ಹೇಳುವವರು ನಮ್ಮ ಊರುಗಳಲ್ಲಿ ಕಡಿಮೆ. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಲ್ಲಿಸಿತು. ನಮ್ಮ ಕಾಡಿನ ಸ್ಥಿತಿಗೆ ಅದು ಬೇಕೇ ಇತ್ತು. ಕದ್ದು ಹೊಡೆಯುವವರು ಈಗಲೂ ಇದ್ದಾರೆ, ಅವರು ಮಕ್ಕಳಿಗೆ ಕಲಿಸಬಹುದಾದ್ದು ಬಚ್ಚಿಡುವುದನ್ನು ಮಾತ್ರ.

ಕೊಡಗಿನವರು ಇದಕ್ಕೆ ಚಂದದ ದಾರಿ ಕಂಡುಕೊಂಡಿದ್ದಾರೆ ಅನಿಸುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ಗುರಿ ಇಡುವುದು ತೆಂಗಿನಕಾಯಿಗೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿಯಲ್ಲಿ ಒಂದೇ ಒಕ್ಕದ, ಅಂದರೆ ಮನೆತನದ, ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ್ದು 360 ಕುಟುಂಬಗಳು. ಮ್ಯಾಡಿಸನ್‌ನ ಅಜ್ಜ ಸೀಟು ಬಿಟ್ಟುಕೊಟ್ಟರೆ ಕೊಡಗಿನ ಅಜ್ಜ ಮೈದಾನಕ್ಕೇ ಇಳಿಯುತ್ತಾರೆ. ಈ ವಿಷಯದಲ್ಲಿ ಕೊಡಗು ಒಂದು ಹೆಜ್ಜೆ ಮುಂದಿದೆ.

ಹತ್ತುಮೀನಿಗೂ ಇಂಥದೊಂದು ಆಗಬಹುದು. ಹೆಚ್ಚೇನೂ ಬೇಡ. ಮೊದಲ ಮಳೆಯಿಂದ ಹದಿನೈದು ದಿನ ಮೋರಿಯ ಬಾಯಿಗೆ, ಗದ್ದೆಯ ನೀರು ಹಾಯುವ ಕಡಿಗೆ ಕೂಳಿ ಇಡದಿರುವುದು. ಹಳ್ಳಕ್ಕೆ ಮನೆಗೊಬ್ಬರಂತೆ ಪಾಳಿ ಹಾಕಿ, ಅದೇ ಟಾರ್ಚು, ಅದೇ ಕಂಬಳಿಕೊಪ್ಪೆ, ಅದೇ ಮಕ್ಕಳೊಂದಿಗೆ ರಾತ್ರಿ ಹೋಗಿ ಮೀನು ಏರುವುದನ್ನು ನೋಡುವುದು, ಎಷ್ಟು ಏರಿದವು ಅಂತ ಎಣಿಸಿ ಬರೆದಿಡುವುದು. ನೀರು ಇಳಿಯುವಾಗ ಗದ್ದೆಯಲ್ಲಿ ಸಿಕ್ಕಿಹಾಕಿಕೊಂಡ ಮರಿಗಳಿಗೆ ಹೊಳೆಗೆ ಮರಳುವ ದಾರಿ ತೆಗೆದುಕೊಡುವುದು. ಗಾಳ ಹಾಕುವುದನ್ನು ಮಳೆ ಇಳಿದ ಮೇಲೆ ಕಲಿಸಿದರಾಯಿತು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಒಂದೇ ಒಂದು ಊರಿನವರು ಮುಂದಿನ ಜೂನ್‌ನಲ್ಲಿ ಒಂದು ಹಳ್ಳಕ್ಕೆ ಮಾಡಿ ನೋಡಿದರೆ ಸಾಕು, ಪಾಳಿಯ ಪಟ್ಟಿ ಬರೆಯುವ ಕೆಲಸಕ್ಕೆ ನಾನು ಇಲ್ಲಿಂದಲೇ ಜೊತೆಯಾಗುತ್ತೇನೆ.